ಸೋಮವಾರ ಬರುತ್ತಿದ್ದ ಆಕಳುಗಳು

ಆದರೆ ಅದು ಒಂದೇ ಬೇಸಿಗೆಯೇ ಎಂಬುದು ನನಗೆ ಖಾತ್ರಿಯಿಲ್ಲ. ಎಪ್ಪತ್ತರ ದಶಕದ ನಡುಭಾಗದಲ್ಲಿ ಬಿಜಾಪುರ ಜಿಲ್ಲೆಯ ಇಂಡಿ ಊರಿನ ಪಶುವೈದ್ಯ ಕೇಂದ್ರದಲ್ಲಿ ನಾನು ಎರಡು ಬೇಸಿಗೆ ಕಳೆದೆ, ನೆನಪಿನಲ್ಲಿ ಉಳಿದಿರುವುದು ಒಂದೇ. ಮೊದಲನೆಯದರಲ್ಲಿ ನಡೆದದ್ದು ಎರಡನೆಯದರ ಮೈಮೇಲೆ ಬಂದು ಕೂತಿದೆ. ಜರ್ಸಿ ಹೋರಿ ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತ ನಿಂತದ್ದು, ಅದರ ಬೆನ್ನಿನ ಮೇಲೆ ಒದ್ದೆ ಗೋಣಿಚೀಲ ಹಾಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಚೀಲ ಹಾಸಿಸಿದವನು ನಾನೋ ನನಗಿಂತ ಮೊದಲು ಅಲ್ಲಿದ್ದವರೋ? ಇಷ್ಟು ವರ್ಷ ನಾನೇ ಎಂದು ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅವನು ನಾನೇ ಆಗಿಬಿಟ್ಟಿದ್ದೇನೆ.

ಹತ್ತಿರದ ತಾಂಬಾ ಹಳ್ಳಿಯ ಒಬ್ಬ ಹೆಂಗಸಿನ ವಿಷಯವೂ ಹಾಗೆಯೇ. ಆಕೆ ನನ್ನನ್ನು ಮೊದಲು ಕೇಳಿದ್ದು, ಹುಟ್ಟುವ ಕರುವಿಗೆ ಹೆಗಲ ಮೇಲೆ ಡುಬ್ಬ ಇರುತ್ತದೆಯೇ ಎಂದು. ಬೇಸಿಗೆಯಲ್ಲೋ ಮಳೆ ಬಿದ್ದ ಮೇಲೋ ಹೇಳಲಾರೆ. ಕೇಳಿದ್ದಂತೂ ನಿಜ.

ಖಾತ್ರಿ ಇರುವುದನ್ನು ಮೊದಲು ಬರೆಯುತ್ತೇನೆ. ಇಂಡಿಯ ನಮ್ಮ ಕೇಂದ್ರದಲ್ಲಿ ತಂಪು ಸೀಮೆಯ ಫಾರ್ಮಿನಿಂದ ತಂದ ಒಂದು ಜರ್ಸಿ ಹೋರಿಯಿತ್ತು. ವಾರಕ್ಕೆ ಎರಡು ಸಲ ನಸುಕಿನಲ್ಲಿ ಅದರ ವೀರ್ಯ ಸಂಗ್ರಹಿಸುತ್ತಿದ್ದೆವು. ಬಿಸಿನೀರು ತುಂಬಿದ ರಬ್ಬರ್ ಕೊಳವೆಯೊಳಗೆ ಅದು ಬಿಡುತ್ತಿದ್ದುದನ್ನು ಗಾಜಿನ ನಳಿಕೆಯಲ್ಲಿ ಹಿಡಿದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಉಳಿದದ್ದಕ್ಕೆ ಮೊಟ್ಟೆಯ ಹಳದಿ ಬೆರೆಸಿದ ದ್ರಾವಣ ಸೇರಿಸಿ ಸಣ್ಣ ಸೀಸೆಗಳಿಗೆ ತುಂಬುತ್ತಿದ್ದೆವು. ಸೀಸೆಗಳು ಬರ್ಫ ಹಾಕಿದ ಥರ್ಮಾಸುಗಳಲ್ಲಿ ಕೂತು, ಬೆಳಗಿನ ಬಸ್ಸು ಹಿಡಿದು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕೇಂದ್ರಗಳಿಗೆ ಹೋಗುತ್ತಿದ್ದವು. ಬರ್ಫ ಬಿಜಾಪುರದಿಂದ ಕಟ್ಟಿಗೆ ಹೊಟ್ಟಿನಲ್ಲಿ ಸುತ್ತಿಕೊಂಡು ಬರುತ್ತಿತ್ತು. ಬರದಿದ್ದ ದಿನ ಕೆಲಸವೂ ಇಲ್ಲ. ಒಂದು ಹೋರಿಯ ಮೇಲೆ ನಾಲ್ಕು ತಾಲೂಕಿನ ಆಕಳುಗಳು ನಿಂತಿದ್ದವು.

ಚಳಿಗಾಲದಲ್ಲಿ ಆ ಒಂದು ಹನಿ ನೋಡುವುದು ಖುಷಿಯ ಕೆಲಸ. ಒಲೆಯ ಮೇಲೆ ಬೇಳೆ ಕುದಿಯುವ ಹಾಗೆ ಇಡೀ ಹನಿಯೇ ಸುಳಿಸುಳಿಯಾಗಿ ಹೊರಳುತ್ತಿತ್ತು. ಯುಗಾದಿ ದಾಟಿದ ಮೇಲೆ ಸುಳಿ ನಿಂತಿತು. ಆಮೇಲೆ ಅಲ್ಲೊಂದು ಇಲ್ಲೊಂದು ಜೀವಕಣ ನಿಂತಲ್ಲೇ ನಡುಗುವುದು ಕಾಣತೊಡಗಿತು. ಬಾಲ ಮುರಿದವು, ತಲೆ ಕಳಚಿದವು, ಸುಮ್ಮನೆ ತೇಲುವವು. ಹೋರಿ ಮೇವು ಬಿಟ್ಟಿತು. ತಗಡಿನ ಮಾಡಿನ ಕೆಳಗೆ ದಿನವಿಡೀ ಬಾಯಿ ತೆರೆದು ನಿಲ್ಲುತ್ತಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದ ಸಿಪಾಯಿ ನನಗಿಂತ ಹಿರಿಯ, ಇಂಡಿಯವನೇ. ಬಕೆಟ್ಟಿನಿಂದ ನೀರು ಸುರಿಯುತ್ತ ಹೇಳುತ್ತಿದ್ದ:

"ಇದರ ಮೈ ಇಲ್ಲೈತ್ರಿ ಸಾಹೇಬ್ರ, ಮನಸ ತವರಾಗ ಐತಿ."

ಜಿಲ್ಲೆಯ ಹಿರಿಯ ಅಧಿಕಾರಿಗೆ ಬೇಸಿಗೆ ಮುಗಿಯುವವರೆಗೆ ಕೆಲಸ ನಿಲ್ಲಿಸೋಣವೇ ಎಂದು ಕೇಳಿದೆ. ಅವರು ಬೈಯಲಿಲ್ಲ. ಜನ ಈಗಷ್ಟೇ ಆಕಳು ಹಿಡಿದುಕೊಂಡು ಬರುವ ರೂಢಿ ಮಾಡಿಕೊಂಡಿದ್ದಾರೆ, ಒಮ್ಮೆ ಬಾಗಿಲು ಹಾಕಿದರೆ ಮತ್ತೆ ಬರುವುದಿಲ್ಲ, ಮಳೆ ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂದರು. ನನಗೂ ಹಾಗೆಯೇ ಅನ್ನಿಸಿತ್ತು.

ಸೋಮವಾರ ನಾನು ತಾಂಬಾಕ್ಕೆ ಹೋಗುತ್ತಿದ್ದೆ. ಸೋಮವಾರ ಯಾಕೆಂದರೆ ಅಂದು ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ. ಎತ್ತು ನಿಂತರೆ ಗಂಡಸರೂ ಮನೆಯಲ್ಲಿರುತ್ತಾರೆ, ಆಕಳು ಹಿಡಿದುಕೊಂಡು ಬರಲು ಕೈ ಖಾಲಿ ಇರುತ್ತದೆ. ರೈತರಿಗೆ ಅನುಕೂಲವಾಗಲಿ ಎಂದು ನನಗಿಂತ ಹಿಂದಿನವರು ಆ ವಾರ ಗೊತ್ತುಮಾಡಿದ್ದರು. ಉಳಿದ ಮೂರು ತಾಲೂಕಿನ ಹಳ್ಳಿಗಳಲ್ಲೂ ಅದೇ ವಾರ. ಬೇವಿನ ಮರದ ಕೆಳಗೆ ಕಟ್ಟಿಗೆಯ ಚೌಕಟ್ಟು, ಅದರ ಮುಂದೆ ಆಕಳುಗಳ ಸಾಲು. ಒಳ್ಳೆಯ ಏರ್ಪಾಡು ಎಂದು ಯಾರೂ ಒಪ್ಪುವಂತಿತ್ತು.

ಆ ಸಾಲಿನಲ್ಲಿ ಆಕೆ ಇದ್ದಳು. ಐವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಜತೆಗೆ ಹೊಲಮನೆ ನೋಡಿಕೊಳ್ಳುತ್ತಿದ್ದ ಮೈದುನ. ಹಗ್ಗದ ತುದಿಯಲ್ಲಿ ನಮ್ಮ ಸೀಮೆಯ ಖಿಲಾರಿ ತಳಿಯ ಆಕಳು, ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದ ಕೋಡು. ವಯಸ್ಸಾಗಿತ್ತು, ಆದರೂ ಆ ಬಿಸಿಲಿನಲ್ಲಿ ಅದು ಏದುಸಿರು ಬಿಡುತ್ತಿರಲಿಲ್ಲ. ಊರಿನ ಹೋರಿಗಳನ್ನೆಲ್ಲ ನಾನು ಬರುವ ಮೊದಲೇ ತಳಿ ಸುಧಾರಣೆ ಯೋಜನೆಯವರು ಬೀಜ ಒಡೆದು ಮುಗಿಸಿದ್ದರು. ಈಗ ಕರು ಬೇಕೆಂದರೆ ನನ್ನ ಥರ್ಮಾಸು.

ಡುಬ್ಬದ ಮಾತು ಕೇಳಿದ್ದಕ್ಕೆ ನಾನು, ಜರ್ಸಿಯ ಕರುವಿಗೆ ಡುಬ್ಬ ಅಷ್ಟಾಗಿ ಬರುವುದಿಲ್ಲ, ಆದರೆ ಹೆಂಗರು ಹುಟ್ಟಿದರೆ ಹಾಲು ಬಹಳ ಕೊಡುತ್ತದೆ ಎಂದೆ.

"ಹಾಲ ಯಾರಿಗೆ ಬೇಕಾಗೈತ್ರಿ," ಎಂದಳು. "ಡುಬ್ಬ ಇಲ್ಲಂದ್ರ ನೊಗ ಎಲ್ಲಿ ನಿಲ್ಲಬೇಕು? ಕುತಗಿ ಮ್ಯಾಲೆ ಜಾರತೈತಿ."

ಮೈದುನ ನಕ್ಕ. "ವೈನಿಗೆ ಹಾಲ ಬ್ಯಾಡ, ಮೊಸರ ಬ್ಯಾಡ. ಎತ್ತಿನ ಯಜಮಾನಿ ಆಗಬೇಕು."

ಆಕೆ ಅದನ್ನು ಅಲ್ಲಗಳೆಯಲಿಲ್ಲ. ಮದುವೆಯಾಗಿ ಬರುವಾಗ ತವರಿನವರು ಒಂದು ಹೆಂಗರು ಕೊಟ್ಟು ಕಳಿಸಿದ್ದರಂತೆ. ಈ ಆಕಳು ಅದರ ಮೊಮ್ಮಗಳು. ಆ ಮನೆಯ ಹೊಲ ಉತ್ತ ಎತ್ತುಗಳೆಲ್ಲ ಅದೇ ಬಳ್ಳಿಯವು. ಕೊನೆಯ ಕರು ಸತ್ತ ಮೇಲೆ ಆಕಳು ಗಬ್ಬ ನಿಂತಿರಲಿಲ್ಲ. ಆ ಬಳ್ಳಿಯಲ್ಲಿ ಉಳಿದ ಹೆಣ್ಣು ಇದೊಂದೇ.

ಮೈದುನ ಚೌಕಟ್ಟಿನ ಆಚೆ ಬೀಡಿ ಹಚ್ಚಿಕೊಳ್ಳಲು ಹೋದಾಗ ಆಕೆ ನನಗೆ ಹೇಳಿದ ಮಾತು ಸರಿಯಾಗಿ ನೆನಪಿದೆ. ಇದನ್ನು ಮಾತ್ರ ನಾನು ತಿದ್ದಿಲ್ಲ ಎಂದುಕೊಂಡಿದ್ದೇನೆ.

"ನನ್ನ ಆಕಳ ಎತ್ತು ಹಡಿಯೂತನಕ ಆ ಮನ್ಯಾಗ ನನಗೊಂದು ಮಾತೈತ್ರಿ ಸಾಹೇಬ್ರ. ಆಮ್ಯಾಲೆ ನಾ ಉಣ್ಣಾಕ ಕುಂತ ಮುದುಕಿ."

ಮೈದುನ ಕೆಟ್ಟವನಲ್ಲ. ದೀಪಾವಳಿವರೆಗೆ ನೋಡುತ್ತೇನೆ ಎಂದ. ಹಿಂಗಾರಿ ಜೋಳ ಬಂದು ಹೊಸ ಕಣಕಿಯ ಮೇವು ಸಿಗುವ ತನಕ ಇದ್ದ ಬಣವಿ ಎತ್ತುಗಳಿಗೇ ಸಾಲದು, ಖಾಲಿ ಆಕಳಿಗೆ ಎಲ್ಲಿಂದ ಹಾಕಲಿ ಎಂದ. ಹಬ್ಬದ ನಂತರದ ದೇವರ ಹಿಪ್ಪರಗಿ ಸಂತೆಗೆ ಹೊಡೆದುಕೊಂಡು ಹೋಗುವುದು ಎಂದು ಅವನ ಲೆಕ್ಕ. ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಆ ಬೇಸಿಗೆ ಆಕಳಿಗೆ ಜರ್ಸಿ ವೀರ್ಯವನ್ನು ಎರಡು ಸಲವೋ ಮೂರು ಸಲವೋ ಹಾಕಿದೆ. ನಿಲ್ಲಲಿಲ್ಲ. ತಾಂಬಾದಲ್ಲಿ ಯಾವುದೂ ನಿಲ್ಲಲಿಲ್ಲ.

ಮೃಗಶಿರದ, ನಮ್ಮ ಕಡೆಯ ಮಿರಗದ ಮಳೆ ಬಿತ್ತು. ಗಾಳಿ ತಂಪಾಯಿತು, ಬದುವಿನಲ್ಲಿ ಹಸಿರು ಬಂತು, ಜರ್ಸಿ ಹೋರಿ ಬಾಯಿ ಮುಚ್ಚಿ ಮೆಲುಕು ಹಾಕತೊಡಗಿತು. ಸಿಪಾಯಿ ಅದರ ಕೊರಳಿಗೆ ಗೆಜ್ಜೆ ಕಟ್ಟಿದ. ಹಸಿರು ತಿಂದ ಖಿಲಾರಿ ಆಕಳುಗಳು ಒಂದರ ಹಿಂದೊಂದು ಬೆದೆಗೆ ಬಂದವು. ಹನಿ ತೆಗೆದು ನೋಡಿದರೆ ಅದೇ ಮುರಿದ ಬಾಲಗಳು. ಓದಿದ್ದು ಆಗ ನೆನಪಾಯಿತು. ಹೋರಿಯ ಮೈಯಲ್ಲಿ ವೀರ್ಯ ತಯಾರಾಗಲು ಎರಡು ತಿಂಗಳಾದರೂ ಬೇಕು. ಇವತ್ತು ಬರುತ್ತಿರುವುದು ಹೋದ ಬಿಸಿಲಿನಲ್ಲಿ ಬೆಂದದ್ದು. ಆಕಳುಗಳ ಋತು ಬಂದಿತ್ತು, ಹೋರಿಯದು ಬಂದಿರಲಿಲ್ಲ. ಮನೆಯ ಆಕಳಿಗೆ ತಂಪು ಬಂದ ಕೂಡಲೇ ಜೀವ ಬರುತ್ತದೆ, ಹೊರಗಿನ ಹೋರಿ ಅರ್ಧ ಮಳೆಗಾಲ ಹಿಂದೆ ಉಳಿದುಬಿಡುತ್ತದೆ. ಸಿಂದಗಿಯಿಂದ, ಮುದ್ದೇಬಿಹಾಳದಿಂದ, ಬಾಗೇವಾಡಿಯಿಂದ ಬಸ್ಸಿನಲ್ಲಿ ಖಾಲಿ ಥರ್ಮಾಸುಗಳ ಜತೆ ಒಂದೇ ಮಾತು ಬರುತ್ತಿತ್ತು: ನಿಲ್ಲುತ್ತಿಲ್ಲ.

ಹಾಗಾದರೆ ಶ್ರಾವಣ ಕಳೆಯುವುದರೊಳಗೆ ಸರಿಹೋಗಬೇಕು ಎಂದು ಕಾದೆ. ಶ್ರಾವಣ ಸೋಮವಾರಗಳಲ್ಲಿ ತಾಂಬಾದ ಸಾಲು ಬೇವಿನ ಮರ ದಾಟಿ ರಸ್ತೆಗೆ ಬಂದಿತ್ತು. ಅಂಥ ಒಂದು ಸೋಮವಾರ ಆಕೆಯ ಆಕಳು ಚೌಕಟ್ಟಿನಲ್ಲಿ ನಿಂತಿತ್ತು. ಬೆದೆಯ ಲೋಳೆ ಇರಲಿಲ್ಲ. ಒಳಗೆ ಕೈ ಹಾಕಿದರೆ ಗರ್ಭಕೋಶ ಸಡಿಲವಾಗಿತ್ತು, ಬೆದೆಯ ಬಿಗಿ ಇರಲಿಲ್ಲ. ಬಿಸಿಲು ಕಾಲದಲ್ಲಿ ಬೆದೆ ಹೊರಗೆ ಕಾಣುವುದಿಲ್ಲ, ಮೂಕ ಬೆದೆ ಎಂದು ನಮಗೆ ಕಲಿಸಿದ್ದರು. ಚಿಹ್ನೆ ಇಲ್ಲದ ಆಕಳಿಗೂ ಹಾಕುವ ಅಭ್ಯಾಸ ಬೇಸಿಗೆಯಿಂದಲೇ ಕೈಗೆ ಹತ್ತಿತ್ತು. ಆದರೆ ಇದು ಬೇಸಿಗೆಯಲ್ಲ. ಯಾಕೋ ಕೇಳಿದೆ, ಬೆದೆಗೆ ಬಂದ ಆಕಳು ಕೂಗುವ ಹಾಗೆ ಇವತ್ತು ಕೂಗಿದೆಯೇ ಎಂದು.

"ಇವತ್ತೆಲ್ಲಿ ಕೂಗತೈತ್ರಿ. ಗುರುವಾರ ಕೂಗಿತ್ತು, ಹಗಲೆಲ್ಲಾ."

"ಮತ್ತ ಗುರುವಾರ ಯಾಕ ಹೇಳಿ ಕಳಿಸಲಿಲ್ಲ?"

"ಗುರುವಾರ ನೀವು ಬರ್ತೀರೇನ? ಎಡಿ ಹೊಡಿಯೂ ದಿನ, ಗಂಡಸ್ರೆಲ್ಲಾ ಹೊಲದಾಗ. ಸೋಮವಾರ ಅಂದ್ರ ಸೋಮವಾರ."

ಖಿಲಾರಿಯ ಬೆದೆ ಒಂದು ಹಗಲು ನಿಂತರೆ ಹೆಚ್ಚು. ಸಾಲಿನಲ್ಲಿದ್ದವರನ್ನೆಲ್ಲ ಕೇಳುತ್ತ ಹೋದೆ. ಒಬ್ಬನದು ಶುಕ್ರವಾರ, ಇನ್ನೊಬ್ಬನದು ಬುಧವಾರ. ಒಬ್ಬ ಮುದುಕ ತನ್ನದು ಕೂಗಿಯೇ ಇಲ್ಲ, ಸೋಮವಾರ ಸುಮ್ಮನೆ ಕೂರುವುದೇಕೆ ಎಂದು ತಂದೆ ಎಂದ. ಅಂದೇ ಬೆಳಿಗ್ಗೆ ಬೆದೆಗೆ ಬಂದದ್ದೂ ಒಂದಿರಬೇಕು, ಎಲ್ಲ ಸೋಮವಾರವೂ ಒಂದಿರುತ್ತದೆ. ಕೈಯಲ್ಲಿ ಗಾಜಿನ ಕೊಳವೆ ಹಿಡಿದು ನಾನು ಆ ಸಾಲನ್ನು ನೋಡಿದೆ.

ಬೇಸಿಗೆಯಲ್ಲಿ ಹೊಲದ ಕೆಲಸವಿಲ್ಲ, ಬೇಕೆಂದರೆ ಯಾವ ವಾರವೂ ತರಬಹುದಿತ್ತು, ಆಗ ಹೋರಿ ಕೆಟ್ಟಿತ್ತು. ಮಳೆಗಾಲದಲ್ಲಿ ಆಕಳು ಬೆದೆಗೆ ಬರುತ್ತದೆ, ಆಗ ಗಂಡಸರಿಗೆ ಸೋಮವಾರ ಬಿಟ್ಟು ಬಿಡುವಿಲ್ಲ. ಹೋರಿ ಸುಧಾರಿಸುವ ಹೊತ್ತಿಗೆ ಹಿಂಗಾರಿ ಬಿತ್ತಿಗೆ ಶುರು. ನಾಲ್ಕು ತಾಲೂಕಿನಲ್ಲಿ ಯಾವ ತಳಿ ಯಾವ ಋತುವಿನಲ್ಲಿ ನಿಲ್ಲುತ್ತದೆ ಎಂದು ನಾವು ವರದಿ ಬರೆಯುವವರಿದ್ದೆವು. ನಾವು ಬರೆಯುತ್ತಿದ್ದುದು ತಳಿಯ ಬಗ್ಗೆಯೋ ಬಿಸಿಲಿನ ಬಗ್ಗೆಯೋ ಸೋಮವಾರದ ಬಗ್ಗೆಯೋ?

ಹಿರಿಯ ಅಧಿಕಾರಿಗೆ ಹೇಳಿದೆ. ಅವರು, ಬೇರೆ ವಾರ ಇಟ್ಟರೆ ಯಾರು ಬರುತ್ತಾರೆ ಎಂದು ಕೇಳಿದರು. ದಿನವೂ ಹೋಗಲು ಜನವಿಲ್ಲ, ಬರ್ಫವಿಲ್ಲ. ಅದೂ ನಿಜವೇ.

ನಾಲ್ಕು ತಾಲೂಕು ನನ್ನ ಕೈಯಲ್ಲಿರಲಿಲ್ಲ. ಒಂದು ಆಕಳಿಗಾದರೂ ಎಲ್ಲವನ್ನೂ ಸರಿಯಾಗಿ ಮಾಡಿ ನೋಡಬೇಕು ಎಂದು ನಿರ್ಧರಿಸಿದೆ. ಸರಿಯಾದ ದಿನ, ಸರಿಯಾದ ವೀರ್ಯ. ಆ ನಿರ್ಧಾರದಲ್ಲಿ ಆಕೆಯ ಮೇಲಿನ ಮರುಕ ಎಷ್ಟಿತ್ತು, ನನಗೆ ಉತ್ತರ ಬೇಕಾಗಿದ್ದ ಹಟ ಎಷ್ಟಿತ್ತು, ಈಗ ಬೇರ್ಪಡಿಸಲಾರೆ.

ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯಲ್ಲಿ ಒಬ್ಬ ರೈತ ಖಿಲಾರಿ ಹೋರಿ ಸಾಕಿದ್ದಾನೆ, ಯೋಜನೆಯವರು ಹೋದಾಗ ಬೀಗರ ಊರಿನಲ್ಲಿ ಬಚ್ಚಿಟ್ಟು ಉಳಿಸಿಕೊಂಡಿದ್ದಾನೆ ಎಂದು ಅಲ್ಲಿಯ ಕೇಂದ್ರದವರು ಹೇಳಿದ್ದರು. ತಾಂಬಾದ ಆಕಳು ಮುಂದೆ ಯಾವಾಗ ಕೂಗಬೇಕು ಎಂದು ಎಣಿಸಿ, ಅದಕ್ಕೆ ಒಂದೆರಡು ದಿನ ಮೊದಲು ಹೊರಟೆ. ಟವೆಲ್ಲಿನಲ್ಲಿ ಸುತ್ತಿದ ಸೂಕ್ಷ್ಮದರ್ಶಕ, ರಬ್ಬರ್ ಕೊಳವೆ, ಥರ್ಮಾಸಿನಲ್ಲಿ ಬರ್ಫ. ಹಸ್ತದ ಮಳೆ ಹಿಡಿದಿತ್ತು.

ಹೋರಿಯ ಮಾಲೀಕ ನನ್ನ ಸಾಮಾನು ನೋಡಿ ಹೊಟ್ಟೆ ಹಿಡಿದು ನಕ್ಕ. "ನನ್ನ ಹೋರಿ ರಬ್ಬರಿಗೆ ಮರುಳಾಗೂದಿಲ್ರಿ. ಅದು ಸಾಲಿ ಕಲ್ತಿಲ್ಲ."

ನಿಜಕ್ಕೂ ಮರುಳಾಗಲಿಲ್ಲ. ಮುಂದೆ ಒಂದು ಆಕಳು ನಿಲ್ಲಿಸಿದೆವು. ಮೊದಲ ಸಲ ನನ್ನನ್ನು ಗೋಡೆಗೆ ಒತ್ತಿತು, ಎರಡನೆಯ ಸಲ ಕೊಳವೆಯನ್ನು ತುಳಿಯಿತು. ಮರುದಿನ ಬೆಳಿಗ್ಗೆ, ನೀರು ಇನ್ನೂ ಸ್ವಲ್ಪ ಬಿಸಿ ಮಾಡಿಕೊಂಡು ಹಿಡಿದಾಗ ಬಿಟ್ಟಿತು. ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು ನೋಡಿದೆ. ಸುಳಿ! ಚಳಿಗಾಲದಿಂದ ನಾನು ಅದನ್ನು ನೋಡಿರಲಿಲ್ಲ. ಜರ್ಸಿ ಹೋರಿ ಸುಟ್ಟುಹೋದ ಅದೇ ಬೇಸಿಗೆಯನ್ನು ಈ ಹೋರಿಯೂ ಇಲ್ಲಿಯೇ, ಈ ಅಂಗಳದಲ್ಲಿಯೇ ಕಳೆದಿತ್ತು. ಮಾಲೀಕ ಒಂದು ಕಣ್ಣು ಮುಚ್ಚಿ ನೋಡಿ, ಸಂತೆಯಲ್ಲಿ ಮಂದಿ ನೆರೆದ ಹಾಗಿದೆ ಎಂದ.

ವಾಪಸು ಬರುವ ಬಸ್ಸು ದೇವರ ಹಿಪ್ಪರಗಿ ಮುಟ್ಟುವ ಮೊದಲೇ ನಿಂತಿತು. ಮುಂದಿನ ಹಳ್ಳ ತುಂಬಿತ್ತು. ಕರಿ ಮಣ್ಣಿನಲ್ಲಿ ಹಿಂದೆ ಹೋಗಲೂ ಆಗದೆ ಚಕ್ರ ಹೂತಿತು. ಜನ ಇಳಿದು ನೂಕಿದರು, ಮತ್ತೆ ಹತ್ತಿದರು, ಮತ್ತೆ ಇಳಿದರು. ನಾನು ಥರ್ಮಾಸು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಲುಗಾಡಿಸಿದರೆ ಮೊದಲು ಬರ್ಫದ ಚೂರುಗಳ ಸದ್ದು ಬರುತ್ತಿತ್ತು, ಆಮೇಲೆ ನೀರಿನ ಸದ್ದು ಮಾತ್ರ. ಸಿಂದಗಿಯಲ್ಲಿ ಇಳಿದಾಗ ಅಲ್ಲಿಯ ಕೇಂದ್ರದಲ್ಲಿಯೂ ಬರ್ಫ ಇರಲಿಲ್ಲ. ತಾಂಬಾ ತಲುಪಿದ್ದು ಮರುದಿನ ಮುಂಜಾನೆ.

ಊರು ಖಾಲಿ. ಮಳೆ ಬಿಡುವು ಕೊಟ್ಟಿತ್ತು, ಎಲ್ಲರೂ ಬಿತ್ತಿಗೆಗೆ ಹೋಗಿದ್ದರು. ಆಕೆ ಒಬ್ಬಳೇ ಆಕಳನ್ನು ಚೌಕಟ್ಟಿಗೆ ತಂದಳು.

"ನಿನ್ನಿ ಹೊತ್ತು ಹೊಂಡೂ ಮುಂದ ಕೂಗಾಕ ಹತ್ತಿತ್ರಿ. ರಾತ್ರಿನೂ ಕೂಗೇತಿ. ಈಗ ಸುಮ್ಮನಾಗೇತಿ."

ಹೊತ್ತು ಮೀರಿತ್ತೇ? ಮೀರುತ್ತಿತ್ತು. ಲೋಳೆ ಇತ್ತು, ಆದರೆ ಮಂದವಾಗಿತ್ತು. ಸೀಸೆಯಿಂದ ಒಂದು ಹನಿ ತೆಗೆದು ನೋಡಿದೆ. ಸುಳಿ ಹೋಗಿತ್ತು. ಬದುಕಿದ್ದವು ಇದ್ದವು, ಮುಂದಕ್ಕೆ ಈಜುತ್ತಿದ್ದವು, ಎಲ್ಲವೂ ಅಲ್ಲ. ಆಕೆ ಹಗ್ಗ ಹಿಡಿದು ಆಕಳಿನ ಹಣೆಗೆ ತನ್ನ ಹಣೆ ಒತ್ತಿ ನಿಂತಳು. ನಾನು ಒಳಗೆ ಕೈ ಹಾಕಿ, ಕೊಳವೆ ಸರಿಯಾದ ಜಾಗ ಮುಟ್ಟಿದ್ದನ್ನು ಬೆರಳಲ್ಲಿ ಖಾತ್ರಿ ಮಾಡಿಕೊಂಡು ಬಿಟ್ಟೆ. ಅಂದು ಗಾಳಿ ತಂಪಾಗಿತ್ತು ಎಂದು ನೆನಪು. ಇದೂ ನಾನು ಆಮೇಲೆ ಸೇರಿಸಿದ್ದಿರಬಹುದು.

ಮೂರು ವಾರ, ಅಂದರೆ ಮುಂದಿನ ಬೆದೆಯ ಹೊತ್ತು, ಕಳೆದರೂ ಆಕಳು ಕೂಗಲಿಲ್ಲ. ಆಕೆ ಸೋಮವಾರ ಬಂದು ದೂರದಿಂದಲೇ, ಇಲ್ಲ ಎಂಬಂತೆ ಕೈ ತಿರುಗಿಸಿ ತೋರಿಸಿ ಹೋಗುತ್ತಿದ್ದಳು. ಮುಖದಲ್ಲಿ ನಗು ಇತ್ತು. ಮುಂದೊಂದು ದಿನ ಪಕ್ಕದ ಮನೆಯವರು ಸಂಜೆ ಒಮ್ಮೆ ಕೂಗಿದ್ದನ್ನು ಕೇಳಿದೆವು ಎಂದರು. ಆಕೆ, ಎತ್ತುಗಳು ಹೊಲದಿಂದ ಬರುವುದು ತಡವಾಯಿತು, ಅದಕ್ಕೆ ಕರೆದಿತ್ತು ಅಷ್ಟೇ ಎಂದಳು. ಇಬ್ಬರೂ ಸುಳ್ಳು ಹೇಳುವವರಲ್ಲ.

ದೀಪಾವಳಿ ಬಂದು ಹೋಯಿತು. ಮೈದುನ ಸಂತೆಯ ಹಿಂದಿನ ದಿನ ಹೇಳಿ ಕಳಿಸಿದ. ಅವರ ಮನೆಯ ಮುಂದೆಯೇ ಆಕಳಿನ ಒಳಗೆ ಕೈ ಹಾಕಿ ನೋಡಿದೆ. ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಎಳೆಯ ಕಡಸಾಗಿದ್ದರೆ ಹೇಳಬಹುದಿತ್ತು. ಹಲವು ಸಲ ಈದ ಮುದಿ ಆಕಳಿನ ಗರ್ಭಕೋಶ ಕೆಳಗೆ ಜೋತಿರುತ್ತದೆ, ಎರಡು ಬದಿ ಮೊದಲೇ ಒಂದೇ ಸಮ ಇರುವುದಿಲ್ಲ. ಬಲಬದಿ ತುಸು ದಪ್ಪ ಅನ್ನಿಸಿತು. ಗೋಡೆ ತೆಳುವಾಗಿ, ಒಳಗೆ ಏನೋ ತುಂಬಿಕೊಂಡಂತೆ. ಕೈ ಹೊರಗೆ ತೆಗೆದು, ಮತ್ತೆ ಹಾಕಿ ನೋಡಿದರೆ ಅನ್ನಿಸಲಿಲ್ಲ. ಬೆರಳಿಗೆ ಸಿಕ್ಕಿದ್ದು ಕರುವೋ, ಸಿಗಲಿ ಎಂಬ ಆಸೆಯೋ?

ಇನ್ನೊಂದು ತಿಂಗಳು ಬಿಟ್ಟರೆ ಖಚಿತವಾಗಿ ಹೇಳುತ್ತೇನೆ ಎಂದೆ.

"ಗಬ್ಬ ಐತಿ ಅನ್ರಿ, ಕಟಗೊಂತೇನಿ. ಇಲ್ಲ ಅನ್ರಿ, ಹೊಡಕೊಂಡು ಹೋಗ್ತೇನಿ," ಎಂದ ಮೈದುನ. ದನಿಯಲ್ಲಿ ಸಿಟ್ಟಿರಲಿಲ್ಲ. "ಗೊತ್ತಿಲ್ಲ ಅನ್ನೂದಾದ್ರ, ಅದು ನನಗೂ ಗೊತ್ತಿಲ್ಲ. ಅದಕ್ಕ ಡಾಕ್ಟರ್ ಬೇಕೇನ್ರಿ?"

ಆಕೆ ನನಗೆ ಕೈ ತೊಳೆಯಲು ನೀರು ಹಾಕುತ್ತಿದ್ದಳು. ತಂಬಿಗೆ ಬಗ್ಗಿಸಿದವಳು ತಲೆ ಎತ್ತದೆ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು:

"ಐತಿ ಅಂದುಬಿಡ್ರಿ."

ಹೇಳಿದಳೇ? ಆ ತುಟಿ ಅಲುಗಿದ್ದು ನೋಡಿದ್ದೇನೆ. ನೀರಿನ ಸದ್ದೂ ಇತ್ತು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಐತಿ ಎಂದರೆ ಒಂದು ತಿಂಗಳ ಕಣಕಿ ಹೋಗುತ್ತಿತ್ತು, ಅಷ್ಟೇ. ಈಗ ಅಷ್ಟೇ ಅನ್ನಿಸುತ್ತದೆ. ಆ ಹೊತ್ತು ನಾನು ಕೈ ಒರೆಸಿಕೊಂಡು, ನಿಜವಾಗಿಯೂ ಹೇಳಲು ಬರುವುದಿಲ್ಲ ಎಂದೆ.

ಮರುದಿನ ಆಕಳು ದೇವರ ಹಿಪ್ಪರಗಿ ಸಂತೆಗೆ ಹೋಯಿತು. ಮುದ್ದೇಬಿಹಾಳದ ಕಡೆಯ ದನದ ವ್ಯಾಪಾರಿ ತೆಗೆದುಕೊಂಡ ಎಂದು ಆಮೇಲೆ ತಿಳಿಯಿತು. ಅಲ್ಲಿಯ ಕೇಂದ್ರದ ವೈದ್ಯರಿಗೆ ಹೇಳಿ ಕಳಿಸಿದೆ. ಬಿಳಿ ಮೈ, ಹಿಂದಕ್ಕೆ ಬಾಗಿದ ಕೋಡು ಎಂದರೆ ನಮ್ಮಲ್ಲಿ ಪ್ರತಿ ಊರಿಗೂ ಒಂದು ಹಿಂಡಿದೆಯಲ್ಲ ಎಂದು ಅವರು ಉತ್ತರಿಸಿದರು. ಅವರು ಹುಡುಕಿದರೋ ಇಲ್ಲವೋ ಕೇಳಲಿಲ್ಲ. ತಾಂಬಾಕ್ಕೆ ನಾನು ಹೋಗುವ ವಾರ ಅದೇ ಉಳಿಯಿತು. ಆಕೆ ಮತ್ತೆ ಸಾಲಿನ ಕಡೆ ಬರಲಿಲ್ಲ, ಬರಲು ಕಾರಣವೂ ಇರಲಿಲ್ಲ. ಒಂದು ಸಲ ಅವರ ಮನೆಯ ಮುಂದೆ ಹಾದು ಹೋದಾಗ ಆಕೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಬರ್ರಿ ಎಂದಳು. ಮೈದುನನ ಹೆಂಡತಿ ಒಳಗಿನಿಂದ ಏನೋ ಕೂಗಿ ಹೇಳಿದಳು, ಆಕೆ ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು.

ಜರ್ಸಿ ಹೋರಿ ಕಾರ್ತಿಕದ ಚಳಿಗೆ ಸುಧಾರಿಸಿತು, ಅದರ ಹನಿ ಮತ್ತೆ ಸುಳಿ ತಿರುಗಿತು. ಮುಂದಿನ ಬೇಸಿಗೆಗೆ ಸುಳಿ ಮತ್ತೆ ನಿಂತುಹೋಯಿತು. ವರದಿ ಬರೆದೆವು. ಅದರಲ್ಲಿ ಬೇಸಿಗೆ ಇತ್ತು, ತಳಿ ಇತ್ತು. ಸೋಮವಾರವನ್ನು ಯಾವ ಅಂಕಣದಲ್ಲಿ ಹಾಕಬೇಕು ಎಂದು ತಿಳಿಯದೆ ಬಿಟ್ಟೆವು.

ಈಗ ನನ್ನ ಬಳಿ ಉಳಿದದ್ದು ಇಷ್ಟು. ಬಿಸಿಲಿಗೆ ಹೊರಗಿನ ಹೋರಿ ಸೋಲುತ್ತದೆ, ಒಳಗಿನದು ಅಷ್ಟು ಸೋಲುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಆ ವರ್ಷ ನಾಲ್ಕು ತಾಲೂಕಿನಲ್ಲಿ ನಿಲ್ಲದ ಆಕಳುಗಳಲ್ಲಿ ಎಷ್ಟು ಬಿಸಿಲಿಗೆ ಹೋದವು, ಎಷ್ಟು ಸೋಮವಾರಕ್ಕೆ ಹೋದವು ಎಂಬುದು ನನಗೆ ಗೊತ್ತಿಲ್ಲ. ತಾಂಬಾದಿಂದ ಸಂತೆಗೆ ನಡೆದುಕೊಂಡು ಹೋದ ಆಕಳು ಗಬ್ಬವಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.